ಮೊದಲು ತೊಳೀರಿ, ಆಮೇಲೆ ಹೊಲೀರಿ

ಮಾನ್ಯರೇ,

ಹೋದ ತಿಂಗಳು ಮೇವು ಕೊಯ್ಯುವಾಗ ನನ್ನ ತಮ್ಮನ ಕಾಲಿಗೆ ಕುಡಗೋಲು ಬಿತ್ತು. ಮೊಣಕಾಲಿನ ಕೆಳಗೆ ನಾಲ್ಕು ಬೆರಳುದ್ದ ಗಾಯ ಬಾಯಿ ಬಿಟ್ಟಿತ್ತು. ಯಾರೋ ಮನೆಯಿಂದ ಅರಿಶಿಣ ತಂದು ಸುರಿದು, ಟವೆಲ್ಲಿನಿಂದ ಬಿಗಿಯಾಗಿ ಕಟ್ಟಿದರು. ರಕ್ತ ನಿಂತಿತು. ನಿಂತಿದ್ದು ಬಿಗಿ ಕಟ್ಟಿದ್ದಕ್ಕೆ, ಆದರೆ ಹೆಸರು ಬಂದಿದ್ದು ಅರಿಶಿಣಕ್ಕೆ!

ದಾರಿಯಲ್ಲಿ ಸಿಕ್ಕ ಕ್ಲಿನಿಕ್ಕಿನಲ್ಲಿ ಮೇಲ್ಮೇಲೆ ಹತ್ತಿಯಿಂದ ಒರೆಸಿ, ಆರು ಹೊಲಿಗೆ ಹಾಕಿ, ಟಿಟಿ ಚುಚ್ಚಿ ಕಳಿಸಿದರು. ಹತ್ತೇ ನಿಮಿಷ. ಎಷ್ಟು ಬೇಗ ಮುಗೀತು ಅಂತ ನಾವೂ ಖುಷಿಪಟ್ಟೆವು. ನಾಲ್ಕನೇ ದಿನ ಕಾಲು ಊದಿ, ಕೀವು ತುಂಬಿತು.

ದೊಡ್ಡಾಸ್ಪತ್ರೆಯಲ್ಲಿ ಹೊಲಿಗೆ ಬಿಚ್ಚಿದರೆ ಒಳಗೆ ಅರಿಶಿಣ, ಮಣ್ಣು, ಹುಲ್ಲಿನ ಚೂರು ಎಲ್ಲಾ ಹಾಗೇ ಕೂತಿತ್ತು. ಡಾಕ್ಟರು ದೊಡ್ಡ ಸಿರಿಂಜಿನಲ್ಲಿ ನೀರು ತುಂಬಿ ಗಾಯದೊಳಗೆ ಜೋರಾಗಿ ಚಿಮ್ಮಿಸಿ ತೊಳೆದರು, ಒಂದಲ್ಲ ಎರಡಲ್ಲ, ನಾನು ಲೆಕ್ಕ ಬಿಡುವಷ್ಟು ಸಲ. ಇದಕ್ಕೆ ಸಲೈನೇ ಬೇಕಾ ಅಂತ ಕೇಳಿದೆ. ಕುಡಿಯೋಕೆ ಯೋಗ್ಯವಾದ ನಲ್ಲಿ ನೀರಾದರೂ ಸಾಕು, ಅದರಿಂದ ಸೋಂಕು ಜಾಸ್ತಿಯೇನೂ ಆಗಲ್ಲ ಅಂದರು. (ತುಂಗಭದ್ರಾ ಕಾಲುವೆ ನೀರಲ್ಲ ಮತ್ತೆ, ಅದರಲ್ಲಿ ಎಮ್ಮೆ ಮೈ ತೊಳೆಯೋದು ನಮಗೇ ಗೊತ್ತಲ್ಲ.) ಅಷ್ಟು ಸಾದಾ ಕೆಲಸ, ಮೊದಲ ದಿನವೇ ಮಾಡಬಹುದಿತ್ತು, ಅಲ್ವಾ?

ಆರು ಗಂಟೆಯೊಳಗೆ ಹೊಲಿಗೆ ಬೀಳಲೇಬೇಕು ಅನ್ನೋ ಗಡಿಬಿಡಿ ನಮ್ಮಲ್ಲಿ ಇದೆ. ಚೊಕ್ಕವಾಗಿರೋ ಗಾಯವನ್ನು ಅದಕ್ಕಿಂತ ತಡವಾಗಿಯೂ ಹೊಲಿಯಬಹುದು. ಕೊಳೆ ಒಳಗಿಟ್ಟು ಹೊಲಿಯೋದೇ ಕೇಡು. ತಮ್ಮನ ಗಾಯಕ್ಕೆ ಮತ್ತೆ ಹೊಲಿಗೆ ಹಾಕಲಿಲ್ಲ. ತೆರೆದೇ ಬಿಟ್ಟು ದಿನಾ ಡ್ರೆಸ್ಸಿಂಗ್ ಮಾಡ್ತಾ ಇದ್ದಾರೆ. ಇನ್ನು ನಾಯಿ ಕಚ್ಚಿದ್ದಾದರೆ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು, ಹೊಲಿಗೆ ಹಾಕಿಸಿಕೊಳ್ಳೋ ಅವಸರ ಬೇಡ.

ಟಿಟಿ ಬಗ್ಗೆ ಒಂದು ಮಾತು. ಮಣ್ಣು, ಸಗಣಿ ತಾಗಿದ ಗಾಯಕ್ಕೆ, ಹಿಂದಿನ ಚುಚ್ಚುಮದ್ದು ಆಗಿ ಐದು ವರ್ಷ ದಾಟಿದ್ದರೆ ಮತ್ತೆ ಬೇಕು. ಆದರೆ ಅದು ಧನುರ್ವಾಯು ತಡೆಯುತ್ತೆ, ಕೀವನ್ನಲ್ಲ. ಸೂಜಿ ಚುಚ್ಚಿಸಿಕೊಂಡೆವು, ಇನ್ನು ಚಿಂತೆ ಇಲ್ಲ ಅಂತ ನಾವು ಸುಮ್ನೆ ಕೂತಿದ್ದು ಇದೇ ತಪ್ಪು ತಿಳಿವಳಿಕೆಯಿಂದ.

ಗಂಗಾವತಿ, ಕಾರಟಗಿ ಕಡೆ ಭತ್ತದ ಕೊಯ್ಲು ಹತ್ತಿರ ಬರ್ತಿದೆ. ಅದಕ್ಕೂ ಮೊದಲು ಆಶಾ ಕಾರ್ಯಕರ್ತೆಯರಿಂದ ಊರೂರಿನಲ್ಲಿ ಇದನ್ನು ಹೇಳಿಸಿ, ಹೊಲಿಗೆ ಹಾಕೋ ಕ್ಲಿನಿಕ್ಕುಗಳಿಗೂ ಆರೋಗ್ಯ ಇಲಾಖೆಯವರು ಒಂದು ಸುತ್ತು ಹೋಗಿ ಬರಲಿ.

– ಒಬ್ಬ ರೈತ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ