ಬಿದ್ದೀಯ ಜೋಕೆ ಅಂದವಳು ನಾನೇ

ಪುಟ್ಟಿ,

ಪಿಜಿ ಊಟ, ಫೀಸು, ನಿಮ್ಮಪ್ಪನ ಮುನಿಸು, ಅದ್ಯಾವ್ದನ್ನೂ ನಾನಿಲ್ಲಿ ಎತ್ತಲ್ಲ, ಎಲ್ಲಾ ಫೋನಲ್ಲಿ ಆಗಿದೆ. ನಿನ್ನ ಮೇಲ್‌ನ ಕೊನೇಲಿ ಒಂದು ಸಾಲು ಹಾಕಿದೀಯಲ್ಲ, "ಎಲ್ರೂ ಬೀಳ್ತಾರೆ ದೊಡ್ಡಮ್ಮ, ನಂಗೊಬ್ಳಿಗೆ ಬೀಳಕ್ಕೆ ಬರಲ್ಲ, ಬೀಳು ಅಂದ್ರೆ ಸಾಕು ಮೈ ಕೊರಡಾಗೋಗತ್ತೆ, ಭಯ ಆಗತ್ತೆ" ಅಂತ, ಪಕ್ಕದಲ್ಲೊಂದು ನಗೋ ಮುಖ ಬೇರೆ. ಅದನ್ನ ಓದಿ ಇವತ್ತಿಗೆ ನಾಲ್ಕು ದಿನ, ನಂಗೆ ಸರಿಯಾಗಿ ನಿದ್ದೆ ಇಲ್ಲ. ದೊಡ್ಡಪ್ಪ ಕೇಳಿದ್ರು, ಏನೇ ಇದು, ಡ್ಯಾನ್ಸ್ ಕ್ಲಾಸಲ್ಲಿ ಹುಡುಗಿ ಬಿದ್ಲು ಅಂತ ಚಿಂತೆ ಮಾಡೋರನ್ನ ನೋಡಿದೀನಿ, ಬೀಳ್ತಿಲ್ಲ ಅಂತ ಚಿಂತೆ ಮಾಡೋಳು ನೀನೊಬ್ಳೇ ಅಂತ. ಅವರಿಗೆ ಏನಂತ ಹೇಳ್ಲಿ.

ನೋಡು, ನೀನಲ್ಲಿ ಕಲೀತಿರೋ ಕಂಟೆಂಪರರಿ ಡ್ಯಾನ್ಸ್ ನಂಗೆ ಮಾಡಿ ಗೊತ್ತಿಲ್ಲ. ಮೂವತ್ತೊಂದು ವರ್ಷ ಕಾಲೇಜ್ ಲೈಬ್ರರಿಲಿ ಕೂತೋಳು, ಓದಿ ಗೊತ್ತು, ಈಗ ಯೂಟ್ಯೂಬ್ ನೋಡಿ ಗೊತ್ತು, ಅಷ್ಟೇ. ನಿಮ್ಮ ಟೀಚರ್ ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಟೀಚರ್ ಮಾತೇ ಕೇಳು. ಆದ್ರೆ ಈ ಬೀಳೋ ಭಯದಲ್ಲಿ ನಂದೂ ಒಂದು ಪಾಲಿದೆ, ಅದಕ್ಕೇ ಬರೀತಿದೀನಿ.

ಅಮೆರಿಕದ ಮಾಡರ್ನ್ ಡ್ಯಾನ್ಸಿನ ಡೋರಿಸ್ ಹಂಫ್ರಿ ನಿಮಗೆ ಥಿಯರಿಲಿ ಬಂದಿರತ್ತೆ. ನಾಟ್ಯ ಅಂದ್ರೇನೇ ಬೀಳೋದು, ಮತ್ತೆ ಸಾವರಿಸ್ಕೊಳ್ಳೋದು ಅಂತ ಹೇಳಿದೋರು. ಅವರು ಕನ್ನಡಿ ಮುಂದೆ ನಿಂತು ಮೈನ ಒಂದು ಕಡೆಗೆ ವಾಲಕ್ಕೆ ಬಿಡ್ತಿದ್ರಂತೆ, ವಾಲ್ತಾ ವಾಲ್ತಾ ಇನ್ನೇನು ಬಿದ್ದೇಬಿಟ್ಟೆ ಅನ್ನೋವಾಗ ಯಾರೂ ಹೇಳ್ದೆ ಕಾಲು ತಾನೇ ಮುಂದೆ ಬಂದು ಹಿಡ್ಕೊಳತ್ತಲ್ಲ, ಅದನ್ನ ನೋಡ್ತಾ ನೋಡ್ತಾ ಒಂದು ಇಡೀ ಪದ್ಧತಿನೇ ಕಟ್ಟಿದ್ರು. ನೆಟ್ಟಗೆ ನಿಂತಿರೋದೂ ಒಂದು ಸಾವು, ನೆಲದ ಮೇಲೆ ಬಿದ್ದಿರೋದೂ ಒಂದು ಸಾವು, ಇವೆರಡರ ಮಧ್ಯದ ಕಮಾನಿನಲ್ಲೇ ನಾಟ್ಯ ಇರೋದು ಅನ್ನೋದು ಅವರ ಲೆಕ್ಕ. ಅವರ ಪುಸ್ತಕ ಬಂದಿದ್ದು 1959ರಲ್ಲಿ, ಅಷ್ಟೊತ್ತಿಗೆ ಅವರು ತೀರಿಕೊಂಡಿದ್ರು. ಈ ಸಾವಿನ ಮಾತು ನಾನು ಮೊದಲು ಓದಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಪಾಟಿನ ಧೂಳು ಹೊಡೆಯೋವಾಗ, ಡ್ಯಾನ್ಸ್ ಪುಸ್ತಕದಲ್ಲಿ ಸಾವು ಗೀವು ಯಾಕಪ್ಪಾ ಅಂತ ಮುಚ್ಚಿಟ್ಟಿದ್ದೆ. ನಿನ್ನ ಮೇಲ್ ಬಂದ್ಮೇಲೆ ಅದೇ ವಾಪಸ್ ಬಂದು ತಲೆಲಿ ಕೂತಿದೆ, ಅದೂ ಮೊದಲನೇ ಅರ್ಧ ಮಾತ್ರ. ನೆಟ್ಟಗೆ ನಿಂತಿರೋದೂ ಒಂದು ಸಾವು.

ಹನ್ನೊಂದು ವರ್ಷ ಭರತನಾಟ್ಯದ ಅರೆಮಂಡಿಲಿ, ಮಂಡಿ ಅರ್ಧ ಬಾಗಿಸಿ, ಕೂತ ಮೈ ನಿಂದು. ಮೊದಲ ಪಾಠದ ತಟ್ಟಡವಿಂದ ಹಿಡಿದು ನಮ್ಮಲ್ಲಿ ನೆಲ ಅಂದ್ರೆ ಅಂಗಾಲಲ್ಲಿ ತಟ್ಟೋ ಜಾಗ, ಮುಳುಮಂಡಿಗೆ ಇಳಿದು ಹಿಮ್ಮಡಿ ಮೇಲೆ ಕೂತ್ರೂ ಬೆನ್ನು ಮಾತ್ರ ಕೋಲು. ಆ ತಟ್ಟೋದಕ್ಕೂ ಮುಂಚೆ ಭೂಮಿತಾಯಿನ ಮುಟ್ಟಿ ಕಣ್ಣಿಗೊತ್ತಿಕೊಂಡು ಅಪ್ಪಣೆ ಕೇಳ್ಬೇಕು. ಬೆಳಗ್ಗೆ ಎದ್ದರೆ ಹಾಸಿಗೆ ಬಿಡೋ ಮುಂಚೆ ಪಾದಸ್ಪರ್ಶಂ ಕ್ಷಮಸ್ವ ಮೇ ಅಂತ ನಾನೇ ನಿಂಗೆ ಹೇಳಿಕೊಟ್ಟಿದ್ದು. ಪಾದ ತಾಗಿಸಿದ್ದಕ್ಕೇ ಕ್ಷಮೆ ಕೇಳಿ ಬೆಳೆದ ಹುಡುಗಿಗೆ ಹೋಗಿ ತೊಡೆ ತಾಗ್ಸು, ಭುಜ ತಾಗ್ಸು, ಕೆನ್ನೆ ಒತ್ತು, ಉರುಳು ಅಂದ್ರೆ ಅದು ಒಂದು ಟರ್ಮ್‌ನಲ್ಲಿ ಆಗೋ ಮಾತಾ? ಅದಕ್ಕೇ ಅಷ್ಟೊಂದು ನಾಚಿಕೆ ಪಟ್ಕೋಬೇಡ.

ಆದ್ರೆ ಭರತನಾಟ್ಯದ ಮೇಲೆ ಹೊರಿಸಿ ನಾನು ತಪ್ಪಿಸ್ಕೊಳ್ಳೋ ಹಾಗಿಲ್ಲ. ನೀನು ತೆವಳ್ತಾ ಇದ್ದಾಗಿಂದ ನಮ್ಮನೆ ಮೊಸಾಯಿಕ್ ನೆಲದ ಮೇಲೆ, ಮೆಟ್ಟಿಲ ಮೇಲೆ, ಹಿತ್ತಲ ಪಾಚಿ ಕಲ್ಲಿನ ಹತ್ರ, ಬಿದ್ದೀಯ ಜೋಕೆ, ಬಿದ್ದೀಯ ಜೋಕೆ, ಬೇರೆ ಮಾತೇ ಇರ್ಲಿಲ್ಲ ನನ್ನ ಬಾಯಲ್ಲಿ. ರಂಗಪ್ರವೇಶದ ದಿನ ಗ್ರೀನ್ ರೂಮಲ್ಲಿ ಎಲ್ರೂ ಚೆನ್ನಾಗಿ ಮಾಡು ಕಂದ ಅಂತ ಹೇಳಿ ಹೋದ್ರು, ನಾನು ಗೆಜ್ಜೆ ಬಿಗಿ ಮಾಡಿ ಎದ್ದು ನಿನ್ನ ಕಿವಿಲಿ ಅಂದಿದ್ದು ಅದನ್ನೇ. ನಿಂಗೆ ನೆನಪಿಲ್ದೇ ಇರಬಹುದು. ನಿನ್ನ ಮಂಡಿಗೆ ನೆನಪಿದೆ ಅನ್ಸತ್ತೆ.

ಯಾಕೆ ಹಾಗೆ ಅಂತಿದ್ದೆ ಅನ್ನೋದಕ್ಕೆ ಬರ್ತೀನಿ, ಸ್ವಲ್ಪ ತಡಿ. ಹಂಫ್ರಿ ವಿಷಯ ಇನ್ನೊಂದಿದೆ, ಅದು ಹೇಳ್ದೇ ಇರಕ್ಕಾಗಲ್ಲ. ಅವರು ಕಲ್ತಿದ್ದು ರುತ್ ಸೇಂಟ್ ಡೆನಿಸ್ ಹತ್ರ. ಈ ಮಹಾತಾಯಿ 1904ರಲ್ಲಿ ಸಿಗರೇಟ್ ಜಾಹೀರಾತಿನ ಪೋಸ್ಟರ್ ಒಂದರಲ್ಲಿ ಈಜಿಪ್ಟಿನ ದೇವತೆ ಚಿತ್ರ ನೋಡಿ ಮರುಳಾಗಿ, ಅಲ್ಲಿಂದ ಮನಸ್ಸು ಹಾರಿ ಇಂಡಿಯಾಕ್ಕೆ ಬಂದು, ನಮ್ಮ ದೇಶದ ಮಣ್ಣು ಮೆಟ್ಟದೇನೇ 1906ರಲ್ಲಿ ನ್ಯೂಯಾರ್ಕಲ್ಲಿ 'ರಾಧಾ' ಅಂತ ಡ್ಯಾನ್ಸ್ ಮಾಡಿದ್ರು. ಸಂಗೀತ ಫ್ರೆಂಚ್ ಆಪೆರಾದ್ದು! ನಂಗೆ ನಗು ಬರತ್ತೆ, ಆದ್ರೆ ಪೂರ್ತಿ ನಗಕ್ಕೂ ಆಗಲ್ಲ, ಯಾಕಂದ್ರೆ ಅವರೂ ಅವರ ಗಂಡ ಟೆಡ್ ಶಾನ್ ಅವರೂ 1915ರಲ್ಲಿ ಲಾಸ್ ಏಂಜಲೀಸಲ್ಲಿ ಶುರು ಮಾಡಿದ ಡೆನಿಶಾನ್ ಶಾಲೆಯಿಂದಾನೇ ಮಾರ್ಥಾ ಗ್ರಹಾಂ ಬಂದಿದ್ದು, ಹಂಫ್ರಿ ಬಂದಿದ್ದು, ಚಾರ್ಲ್ಸ್ ವೈಡ್‌ಮನ್ ಬಂದಿದ್ದು. 1925-26ರಲ್ಲಿ ಆ ತಂಡ ಏಷ್ಯಾ ಟೂರ್ ಮಾಡ್ತು, ಇಂಡಿಯಾಕ್ಕೂ ಬಂತು, ಹಂಫ್ರಿ ಅದರಲ್ಲಿದ್ರು. 1928ರಲ್ಲಿ ಅವರೂ ವೈಡ್‌ಮನ್ ಅವರೂ ಆ ರೇಷ್ಮೆ, ಆ ಆಭರಣ, ಆ ಪರದೇಶದ ವೇಷ ಎಲ್ಲಾ ಸಾಕು ಅಂತ ಡೆನಿಶಾನ್ ಬಿಟ್ಟು ಬಂದ್ರು. ಅದೇ ವರ್ಷದ್ದು 'ವಾಟರ್ ಸ್ಟಡಿ', ಸಂಗೀತನೇ ಇಲ್ಲ, ಅಲೆ ಏಳೋ ಹಾಗೆ ಹುಡುಗೀರ ಬೆನ್ನು ಏಳತ್ತೆ, ಮಗುಚತ್ತೆ, ನೆಲಕ್ಕೆ ಹರಡತ್ತೆ, ತಾಳ ಅಂದ್ರೆ ಅವರವರ ಉಸಿರೇ. ನಟ್ಟುವಾಂಗದ, ಅಂದ್ರೆ ಗುರುಗಳ ತಾಳದ, ತಟ್ಟು ಇಲ್ದೆ ಹೆಜ್ಜೆ ಎತ್ತದ ನಮ್ಮಂಥೋರಿಗೆ ಇದು ಮೊದಲು ಮೊದಲು ಬರೀ ಸಪ್ಪೆ. ಮೂರನೇ ಸಲ ನೋಡಿದಾಗ ನಂಗೇ ಗೊತ್ತಿಲ್ದಂಗೆ ನಾನೂ ಅವರ ಜೊತೆ ಉಸಿರು ಬಿಡ್ತಾ ಇದ್ದೆ.

ಅದೇ ಹಂಫ್ರಿಗೆ ಸೊಂಟದ ಕೀಲಿಗೆ ಸಂಧಿವಾತ ಬಂತು, 1940ರ ದಶಕದ ಮಧ್ಯಕ್ಕೆ ಸ್ಟೇಜೇ ಬಿಡಬೇಕಾಯ್ತು. ಬಿಟ್ಟೋರು ಮನೆಲಿ ಕೂರ್ಲಿಲ್ಲ ನೋಡು, ಶಿಷ್ಯ ಹೋಸೆ ಲಿಮೋನ್ ಕಟ್ಟಿದ ಕಂಪನಿಗೆ ನಿರ್ದೇಶಕಿ ಆಗಿ ಕೂತು ಬೇರೆಯವರನ್ನ ಬೀಳಿಸಿ ಏಳಿಸಿದ್ರು. ನಾನು ಹಾಗೆ ಮಾಡ್ಲಿಲ್ಲ.

ಕಾಲು ಉಳುಕಿ ನಾಟ್ಯ ಬಿಟ್ಲು ಅಂತ ಮನೆಲಿ ನನ್ನ ಬಗ್ಗೆ ಹೇಳೋದು ನೀನು ಕೇಳಿದೀಯ. ಅದು ಅರ್ಧ ನಿಜ. ನಂಗೆ ಹತ್ತೊಂಬತ್ತು, ನಾಡಹಬ್ಬದ ಪ್ರೋಗ್ರಾಂ, ಹಲಗೆ ಜೋಡ್ಸಿದ ಸ್ಟೇಜು, ಮೇಲೆ ಜಮಖಾನ. ತಿಲ್ಲಾನದಲ್ಲಿ ಜಮಖಾನ ಮಡಿಚ್ಕೊಂಡು ಕಾಲು ಸಿಕ್ಕಿ ಪಕ್ಕಕ್ಕೆ ಬಿದ್ದೆ. ಮೃದಂಗದೋರು ನಿಲ್ಲಿಸ್ಲಿಲ್ಲ. ಕೆನ್ನೆ ಜಮಖಾನಕ್ಕೆ ಒತ್ತಿತ್ತು, ಅದರಲ್ಲಿ ನುಸಿಗುಳಿಗೆ ವಾಸನೆ, ಕೆಳಗಿನ ಹಲಗೆ ಮೃದಂಗಕ್ಕೆ ನಡುಗ್ತಾ ಇರೋದು ದವಡೆಗೆ ಗೊತ್ತಾಗ್ತಿತ್ತು. ಈಗ ಹೇಳೋದನ್ನ ನಿಮ್ಮಪ್ಪಂಗೂ ಹೇಳಿಲ್ಲ, ಅಲ್ಲೇ ಒಂದು ಕ್ಷಣ ನಂಗೆ ಹಿತ ಆಯ್ತು ಪುಟ್ಟಿ. ಏಳೋದೇ ಬೇಡ ಅನ್ನಿಸ್ತು. ಆಮೇಲೆ ಜನ ಹೋ ಅಂದ್ರು, ಎದ್ದೆ, ಉಳಿದಿದ್ದನ್ನ ಹೆಂಗೋ ಮುಗಿಸಿದೆ. ಸ್ಟೇಜ್ ಹಿಂದೆ ಗುರುಗಳು, ಅವರ ಹೆಸರು ಬೇಡ, ಬಿದ್ದಿದ್ದನ್ನ ಯಾರ ಹತ್ರನೂ ಆಡ್ಬೇಡ ಅಂದ್ರು. ಉಳುಕು ಮೂರು ವಾರಕ್ಕೆ ವಾಸಿ ಆಯ್ತು. ನಾನು ಆಗ್ಲಿಲ್ಲ ಅಂದೆ. ಮೂರು ತಿಂಗಳು ಆಗ್ಲಿಲ್ಲ ಅಂದೆ, ಆಮೇಲೆ ಯಾರೂ ಕೇಳೋದನ್ನೇ ಬಿಟ್ರು. ನೋವಿಗಲ್ಲ, ಮತ್ತೆ ಬಿದ್ರೆ ಅನ್ನೋದಕ್ಕೆ ಹೆದರಿದ್ದು, ಅದಕ್ಕಿಂತ ಬಿದ್ದಾಗ ಹಾಗೆ ಹಿತ ಆಯ್ತಲ್ಲ ಅದಕ್ಕೆ ಹೆದರಿದ್ದು. ಆ ಹೆದರಿಕೆನ ಇಟ್ಕೊಂಡು ಏನು ಮಾಡೋದು ಗೊತ್ತಾಗ್ದೆ ನಿನ್ನ ಕಿವಿಲಿ ಹಾಕ್ದೆ.

ಅದಕ್ಕೇ ಆ ನಗೋ ಮುಖ ನಂಗೆ ಸಹಿಸಕ್ಕಾಗ್ಲಿಲ್ಲ.

ಬುದ್ಧಿ ಹೇಳೋ ಯೋಗ್ಯತೆ ಇಲ್ಲ, ಆದ್ರೂ ಒಂದೆರಡು ಮಾತು. ನೀನು ಬೀಳು ಅಂದ ತಕ್ಷಣ ಉಸಿರು ಹಿಡೀತೀಯ, ಚಿಕ್ಕಂದಿಂದ ನೋಡಿದೀನಿ, ಇಂಜೆಕ್ಷನ್‌ಗೂ ಹಿಡೀತಿದ್ದೆ. ಉಸಿರು ಹಿಡಿದ್ರೆ ಮೈಯೆಲ್ಲಾ ಗಾಳಿ ತುಂಬಿದ ಟ್ಯೂಬ್, ನೆಲಕ್ಕೆ ಬಡೀತದೆ. ಗ್ರಹಾಂ ಅವರ ಕಂಟ್ರ್ಯಾಕ್ಷನ್ ಇದೆಯಲ್ಲ, ಹೊಟ್ಟೆ ಒಳಗೆ ಹೋಗಿ ಬೆನ್ನು ಬಾಗೋದು, ಅದು ಉಸಿರು ಬಿಡೋದ್ರಿಂದಾನೇ ಹುಟ್ಟಿದ್ದು. ಬಿಡ್ತಾ ಬಿಡ್ತಾ ಇಳಿ. ಮಂಡಿ ಮೇಲೆ, ಮೊಣಕೈ ಮೇಲೆ, ಅಂಗೈ ಊರಿ ಬೀಳ್ಬೇಡ, ಮೂಳೆ ಇರೋ ಕಡೆ ಬೇಡ, ಮಾಂಸ ಇರೋ ಕಡೆ, ಮೀನಖಂಡ, ತೊಡೆಯ ಪಕ್ಕ, ಕುಂಡಿ, ಆಮೇಲೆ ಬೆನ್ನು, ಅಕ್ಕಿ ಮೂಟೆ ಒರಗಿಸಿದ್ರೆ ಸ್ವಲ್ಪ ಸ್ವಲ್ಪಾನೇ ನೆಲಕ್ಕೆ ಹರಡ್ಕೊಳತ್ತಲ್ಲ ಹಾಗೆ. ಹಿಂದಕ್ಕೆ ಹೋಗೋವಾಗ ಗದ್ದ ಎದೆಗೆ. ಇದೆಲ್ಲ ನಿಮ್ಮ ಟೀಚರ್ ಆಗಲೇ ಹೇಳಿರ್ತಾರೆ, ನಾನು ಯಾಕೆ ಹೇಳ್ತಿದೀನೋ.

ಇದೊಂದು ಮಾತ್ರ ಟೀಚರ್ ಹೇಳಿದ್ರೂ ನನ್ನಿಂದ ಇನ್ನೊಂದ್ಸಲ ಕೇಳು. ಸ್ಟೀವ್ ಪ್ಯಾಕ್ಸ್‌ಟನ್ ಅಂತ, ಮೊದಲು ಜಿಮ್ನಾಸ್ಟು, ಆಮೇಲೆ ಮರ್ಸ್ ಕನಿಂಗ್‌ಹ್ಯಾಂ ಡ್ಯಾನ್ಸ್ ಕಂಪನಿಲಿದ್ದೋರು, ಜಪಾನಿನ ಸಮರಕಲೆ ಐಕಿಡೋನೂ ಕಲ್ತಿದ್ರು, ಅದರಲ್ಲಿ ಏಟಾಗ್ದಂಗೆ ಉರುಳೋದನ್ನ ಮೊದಲೇ ಕಲಿಸ್ತಾರೆ. ಅವರು 1972ರಲ್ಲಿ ಅಮೆರಿಕದ ಓಬರ್ಲಿನ್ ಕಾಲೇಜಲ್ಲಿ 'ಮೆಗ್ನೀಷಿಯಂ' ಅಂತ ಮಾಡಿದ್ರು. ಹುಡುಗ್ರು ಮ್ಯಾಟ್ ಮೇಲೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೀತಾ, ಜಾರ್ತಾ, ಬೀಳ್ತಾ ಉರುಳ್ತಾ, ಕುಡ್ದೋರ ಥರ, ಮೈಗೆ ಮೈ ತಾಗಿಸಿ, ಭಾರ ಕೊಟ್ಟು ತಗೊಂಡು ಆಡೋ ನಿಮ್ಮ ಕಾಂಟ್ಯಾಕ್ಟ್ ಇಂಪ್ರೊವೈಸೇಷನ್ ಹುಟ್ಟಿದ್ದು ಅಲ್ಲಿಂದ. ನಂಗೆ ನೋಡಕ್ಕೇ ಎದೆ ಝಲ್ ಅಂತು. ಆದ್ರೆ ಕೊನೆಗೆ ಅವರೆಲ್ಲಾ ಎದ್ದು ಸುಮ್ನೆ ನಿಲ್ತಾರೆ, ನಿಮಿಷಗಟ್ಟಲೆ, ಏನೂ ಮಾಡಲ್ಲ. ಅದನ್ನ ಆಮೇಲೆ ಪ್ಯಾಕ್ಸ್‌ಟನ್ ಸ್ಮಾಲ್ ಡ್ಯಾನ್ಸ್ ಅಂತ ಕರೆದ್ರು. ಸುಮ್ನೆ ನಿಂತು ಗಮನ ಕೊಟ್ರೆ ಗೊತ್ತಾಗತ್ತೆ, ಮೈ ನಿಂತೇ ಇರಲ್ಲ, ಒಂದು ಎಳೆಯಷ್ಟು ಮುಂದೆ ಬೀಳತ್ತೆ, ಹೆಬ್ಬೆರಳು ಹಿಡ್ಕೊಳತ್ತೆ, ಹಿಂದೆ ಬೀಳತ್ತೆ, ಹಿಮ್ಮಡಿ ಹಿಡ್ಕೊಳತ್ತೆ. ನಾನು ದೇವರ ಮನೆ ಮುಂದೆ ನಿಂತು ನೋಡ್ದೆ, ನಿಜ. ಬೀಳಕ್ಕೆ ಬರಲ್ಲ ಅಂತೀಯಲ್ಲ, ಕ್ಲಾಸಲ್ಲಿ ಎಲ್ರೂ ಬೀಳೋವಾಗ ನೀನು ನಿಂತಿರ್ತೀಯಲ್ಲ, ಆಗ ಅಲ್ಲಿಂದಾನೇ ಶುರು ಮಾಡು. ಆ ಎಳೆಯಷ್ಟು ಬೀಳೋದನ್ನ ಒಂದ್ಸಲ ಹಿಡ್ಕೊಳ್ದೆ ಬಿಡು. ದೊಡ್ಡ ಕ್ಲಾಸಲ್ಲಿ ಬೇಡ ಅಂದ್ರೆ ರೂಮಲ್ಲಿ, ನಿಂತು ಬೇಡ ಅಂದ್ರೆ ಕೂತು. ಕೂತಿರೋಳು ಬಿದ್ರೆ ಎಷ್ಟು ಅಂತ ಬೀಳ್ತಾಳೆ.

ಆಗ್ಲೇ ಇಲ್ಲ ಅಂದ್ರೆ ವಾಪಸ್ ಬಾ ಅನ್ನಲ್ಲ ನಾನು. ನಿಮ್ಮಪ್ಪ ಅಂತಾನೆ, ಕೇಳ್ಬೇಡ. ಚಂದ್ರಲೇಖಾ ಅವರೂ ಭರತನಾಟ್ಯದೋರೇ, 1985ರಲ್ಲಿ 'ಅಂಗಿಕ' ಮಾಡಿದಾಗ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ಎಲ್ಲಾ ತಂದು ಪಕ್ಕದಲ್ಲಿಟ್ರು, ಅರೆಮಂಡಿ ಬಿಸಾಡ್ಲಿಲ್ಲ. ಅವರ 'ಶರೀರ' ನೋಡು, ನೆಲಕ್ಕೆ ಹೋಗೋದು ಎಷ್ಟು ನಿಧಾನ ಅಂದ್ರೆ ಬೀಳೋದು ಅಂತ ಹೇಳಕ್ಕೇ ಬರಲ್ಲ.

ನಿನ್ನೆ ಮಧ್ಯಾಹ್ನ ದೊಡ್ಡಪ್ಪ ಬ್ಯಾಂಕಿಗೆ ಹೋದಾಗ ಹಾಲ್‌ನಲ್ಲಿ ಹತ್ತಿ ಹಾಸಿಗೆ ಎರಡು ಒಂದರ ಮೇಲೊಂದು ಹಾಸಿದೆ. ಅರವತ್ತಾರಕ್ಕೆ, ಮೂಳೆ ಸವೆದಿದೆ ಬೀಳಲೇಬಾರದು ಅಂತ ಡಾಕ್ಟರ್ ಹೇಳಿದ್ಮೇಲೆ. ನಿಂತು ಅಲ್ಲ ಮಾರಾಯ್ತಿ, ಕೂತು, ಪಕ್ಕಕ್ಕೆ. ಮೊದಲನೇ ಸಲ ಕೈ ಊರಿಬಿಟ್ಟೆ, ಎರಡನೇದೂ ಊರಿದೆ. ಮೂರನೇ ಸಲ ಉಸಿರು ಬಿಟ್ಕೊಂಡು ಹೋದೆ, ತೊಡೆ, ಸೊಂಟ, ಭುಜ, ಕೆನ್ನೆ. ಹಾಗೇ ಮಲಗಿದ್ದೆ, ನಿಮ್ಮ ದೊಡ್ಡಪ್ಪ ಬಾಗಿಲು ತೆಗೆದು ಬಿದ್ಯಾ ಅಂತ ಕೂಗಿಕೊಂಡು ಬಂದ್ರು. ಹೂಂ ಅಂದೆ.

ಮಂಡಿಗೆ ಹಾಕ್ಕೊಳ್ಳೋ ನೀ-ಪ್ಯಾಡ್ ಕೊರಿಯರ್ ಮಾಡಿದೀನಿ, ಚಟ್ನಿಪುಡಿ ಡಬ್ಬಿ ಜೊತೆ ಇದೆ, ಪುಡಿ ಸೋರಿದ್ರೆ ಪ್ಯಾಡ್ ಒಗೆದು ಹಾಕ್ಕೋ. ಸೈಜ್ ಆಗ್ದಿದ್ರೆ ಹೇಳು. ಹಾಸಿಗೆ ಇನ್ನೂ ಹಾಲ್‌ನಲ್ಲೇ ಇದೆ, ತೆಗೀಬೇಡಿ ಅಂತ ಹೇಳಿದೀನಿ.

ದೊಡ್ಡಮ್ಮ