ನಾಡಿ ಸರಿಯಾಯಿತೆಂದು ಮಾತ್ರೆ ಬಿಡಬೇಡಿ

ಮಾನ್ಯರೇ,

ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಹೃದಯದ ಮೇಲ್ಕೋಣೆಗಳು ನಿಮಿಷಕ್ಕೆ 350ರಿಂದ 600 ಸಲ ಅದುರುತ್ತವೆ. ಏಳು ದಿನ ದಾಟಿದರೂ ನಿಲ್ಲದಿದ್ದರೆ ಅದು ಪರ್ಸಿಸ್ಟೆಂಟ್, ಅಂದರೆ ಬಿಡದೆ ಮುಂದುವರಿಯುವ, ಹಂತ. ಲಯ ಸರಿಪಡಿಸಲು ಎದೆಗೆ ವಿದ್ಯುತ್ ಶಾಕ್ ಕೊಟ್ಟಾಗ ಲಯವೇನೋ ಕ್ಷಣದಲ್ಲಿ ಮರಳುತ್ತದೆ. ಆದರೆ ಸ್ನಾಯುಕೋಶದೊಳಗಿನ ಕ್ಯಾಲ್ಸಿಯಂ ವ್ಯವಹಾರ ಅಷ್ಟು ಬೇಗ ಸರಿಹೋಗುವುದಿಲ್ಲ. 'ಇಸಿಜಿ ನಾರ್ಮಲ್ ಬಂತಲ್ಲ' ಎಂದು ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆ ಬಿಡುವವರು ಇದನ್ನು ತಿಳಿಯಬೇಕು.

ನಾಲೆ, ತೂಬು ಬಲ್ಲ ಮಂಡ್ಯ ಸೀಮೆಯವರಿಗೆ ಇದು ಕಷ್ಟವಲ್ಲ. ಪ್ರತಿ ಬಡಿತಕ್ಕೂ ಕೋಶದ ಪೊರೆಯಲ್ಲಿರುವ ಎಲ್-ಟೈಪ್ ಚಾನೆಲ್ ಮೂಲಕ ತುಸು ಕ್ಯಾಲ್ಸಿಯಂ ಒಳಬರುತ್ತದೆ. ಅದು ಒಳಗಿನ ಉಗ್ರಾಣದ ತೂಬನ್ನು, ಅಂದರೆ ರಯನೋಡಿನ್ ರಿಸೆಪ್ಟರನ್ನು, ತೆರೆಸುತ್ತದೆ. ಹೊಮ್ಮಿದ ಕ್ಯಾಲ್ಸಿಯಂನಿಂದ ಸ್ನಾಯು ಬಿಗಿಯುತ್ತದೆ. ಬಳಿಕ ಸರ್ಕಾ ಪಂಪು ಅದನ್ನು ಉಗ್ರಾಣಕ್ಕೆ ಮರಳಿ ತುಂಬುತ್ತದೆ. ಸತತ ಅದುರುವಿಕೆಯಲ್ಲಿ ಇದಕ್ಕೆ ಬಿಡುವೆಲ್ಲಿ? ಒಳಗೆ ಕ್ಯಾಲ್ಸಿಯಂ ಮಿತಿಮೀರದಂತೆ ಕೋಶವು ಎಲ್-ಟೈಪ್ ಪ್ರವಾಹವನ್ನೇ ತಗ್ಗಿಸಿಕೊಳ್ಳುತ್ತದೆ. ಆ ಉಪಾಯವೇ ಮುಳುವು: ಬಿಗಿತ ಸೊರಗುತ್ತದೆ, ವಿದ್ಯುತ್ ಸಂಕೇತ ಮೊಟಕಾಗಿ ಅದುರುವಿಕೆ ಇನ್ನಷ್ಟು ಬೇರೂರುತ್ತದೆ. ಅದುರುವಿಕೆಯೇ ಅದುರುವಿಕೆಯನ್ನು ಹೆರುತ್ತದೆಂದು 1995ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಆಡುಗಳಲ್ಲಿ ತೋರಿಸಿದರು.

ಇತ್ತ ತೂಬೂ ಸೋರತೊಡಗುತ್ತದೆ. ಕ್ಯಾಮ್‌ಕೈನೇಸ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸುವುದು ಒಂದು ಕಾರಣ. ಸೋರಿದ ಒಂದು ಕ್ಯಾಲ್ಸಿಯಂ ಅಯಾನನ್ನು ಹೊರದಬ್ಬಲು ಮೂರು ಸೋಡಿಯಂ ಅಯಾನು ಒಳಬರುತ್ತವೆ. ಎರಡು ಧನಾವೇಶ ಹೋಗಿ ಮೂರು ಬಂದಂತಾಯಿತು. ಹೆಚ್ಚುವರಿಯಾಗಿ ಉಳಿದ ಆ ಒಂದು ಧನಾವೇಶವೇ ಅಕಾಲದ ಬಡಿತಕ್ಕೆ ಕಿಡಿ.

ಹಾಗಾಗಿ ಲಯ ಮರಳಿದ ಮೇಲೂ ಮೇಲ್ಕೋಣೆ ವಾರಗಟ್ಟಲೆ ಜಡವಾಗಿರುತ್ತದೆ. ಎಡಗಡೆಯ ಕಿವಿಯಾಕಾರದ ಚೀಲದಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಶಾಕ್ ಆದ ಮೇಲೆ ಕನಿಷ್ಠ ನಾಲ್ಕು ವಾರ ಮಾತ್ರೆ ತಪ್ಪಿಸಬಾರದೆನ್ನುವುದು ಇದಕ್ಕೇ. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಆದ ಪಾರ್ಶ್ವವಾಯು ಲೆಕ್ಕಹಾಕಿ ಆಮೇಲೂ ಮುಂದುವರಿಸಬೇಕೇ ಎಂದು ವೈದ್ಯರು ಹೇಳುತ್ತಾರೆ.

ಕ್ಯಾಲ್ಸಿಯಂ ಎಂದ ಕೂಡಲೇ ರಾಗಿಮುದ್ದೆ, ಹಾಲು ಬಿಡಬೇಕಿಲ್ಲ. ಕೆಟ್ಟಿರುವುದು ಕೋಶದೊಳಗಿನ ತೂಬು, ಪಂಪು, ಊಟವಲ್ಲ. ಹೆಪ್ಪುಗಟ್ಟುವಿಕೆ ತಡೆಯುವ ಮಾತ್ರೆಗಳಲ್ಲೊಂದಾದ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಬಸ್ಸಾರನ್ನೂ ಬಿಡಬೇಕಿಲ್ಲ. ಆದರೆ ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಪ್ರಭಾವ ತಗ್ಗಿಸುವುದರಿಂದ, ಒಂದು ವಾರ ದಿನವೂ ಉಂಡು ಮರುವಾರ ಮುಟ್ಟದೇ ಇದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಅಳತೆ) ಏರುಪೇರಾಗುತ್ತದೆ. ಅದು ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು.

– ಹೃದಯ ಶರೀರಕ್ರಿಯಾಶಾಸ್ತ್ರದ ಅಧ್ಯಾಪಕರು, ಮೈಸೂರು