ಕುತ್ತಿಗೆ ಉಳಿಸಿಕೊಟ್ಟವರಿಗೆ

ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿಕೊಂಡು ನನಗೆ ಪಾರ್ಶ್ವವಾಯು ಆಗಿ ನಾಳೆಗೆ ಆರು ತಿಂಗಳು. ಹರಿದಿದ್ದ ರಕ್ತನಾಳ ಕೂಡಿಕೊಂಡಿದೆ, ಇನ್ನು ಸ್ಕೂಟರ್ ಓಡಿಸಬಹುದು ಎಂದು ನಿನ್ನೆ ವೈದ್ಯರು ಹೇಳಿದರು. ತೀರಿಸಲಾಗದ ಋಣ ಬಹಳ ಇದೆ, ಇಲ್ಲಿ ಒಪ್ಪಿಕೊಂಡಾದರೂ ಬಿಡುತ್ತೇನೆ.

ಕ್ಷೌರ ಮುಗಿದ ಮೇಲೆ ತಲೆಗೆ ಎಣ್ಣೆ ತಟ್ಟಿಸಿಕೊಂಡು, ಕುತ್ತಿಗೆಯ ನೆಟಿಗೆ ತೆಗೆಸಿಕೊಳ್ಳುವುದು ನನ್ನ ಇಪ್ಪತ್ತು ವರ್ಷದ ಚಟ. 2024ರಲ್ಲಿ ಬಳ್ಳಾರಿಯ ತರುಣನೊಬ್ಬನಿಗೆ ಹೀಗೆ ಮಾಡಿಸಿಕೊಂಡು ಪಾರ್ಶ್ವವಾಯು ಆದದ್ದನ್ನು ಪತ್ರಿಕೆಯಲ್ಲಿ ಓದಿ, ‘ಪಾಪ’ ಎಂದು ಪುಟ ಮಗುಚಿದ್ದವನು ನಾನು! ಮಿದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ನಾಳಗಳಲ್ಲಿ ಎರಡು ಕುತ್ತಿಗೆಯ ಮೂಳೆಗಳ ತೂತುಗಳಲ್ಲೇ ಹಾದುಹೋಗುತ್ತವೆ. ನನ್ನ ಎಡಗಡೆಯ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಮೂರನೆಯ ದಿನ ಮಿದುಳಿನ ಬುಡದ ಒಂದು ಚೂರಿಗೆ ರಕ್ತ ನಿಂತಿತು.

ಬಾಯಿ ಸೊಟ್ಟಗಾಗಲಿಲ್ಲ, ಕೈ ಬೀಳಲಿಲ್ಲ. ತಲೆಸುತ್ತು, ವಾಂತಿ, ನಿಲ್ಲದ ಬಿಕ್ಕಳಿಕೆ, ಅಷ್ಟೇ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಪಿತ್ತವೆಂದು ಮಾತ್ರೆ ಕೊಟ್ಟು ಕಳಿಸಿದರು. ಎಡಗಣ್ಣಿನ ರೆಪ್ಪೆ ಜೋತಿದ್ದನ್ನು ಕಂಡವಳು ನನ್ನ ಹೆಂಡತಿ. “ಮನೆಗೆ ಬೇಡ ಅಕ್ಕ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗೋಣ, ನಮ್ಮಪ್ಪನಿಗೂ ಹೀಗೇ ಆಗಿತ್ತು” ಎಂದು ಆಟೊ ತಿರುಗಿಸಿದ ಚಾಲಕರ ಹೆಸರನ್ನೂ ನಾವು ಕೇಳಲಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ನಾಲ್ಕೂವರೆ ಗಂಟೆ. ನಾವು ತಲುಪಿದಾಗ ಅದರಲ್ಲಿ ಒಂದು ಗಂಟೆ ಉಳಿದಿತ್ತು.

ಗಂಟಲು ಮಾತ್ರ ಮುಷ್ಕರ ಹೂಡಿತು. ಹತ್ತೊಂಬತ್ತು ದಿನ ಮೂಗಿನ ನಳಿಕೆಯಲ್ಲೇ ಊಟ. ನುಂಗುವುದನ್ನು ಹೊಸದಾಗಿ ಕಲಿಸಿದ ಚಿಕಿತ್ಸಕಿಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಗದ್ದವನ್ನು ಎದೆಗೆ ತಾಗಿಸಿ, ಉಸಿರು ಹಿಡಿದು, ಅರ್ಧ ಚಮಚ ಗಟ್ಟಿ ಗಂಜಿ. ನೀರು, ಕಾಫಿ ಕೊನೆಗೆ, ಏಕೆಂದರೆ ತೆಳುವಾದದ್ದೇ ಶ್ವಾಸನಾಳಕ್ಕೆ ಜಾರುವುದು. ಮೊದಲ ಗುಟುಕು ಕಾಫಿ ಕೆಮ್ಮಿಲ್ಲದೆ ಇಳಿದಾಗ ಆಕೆ ಚಪ್ಪಾಳೆ ತಟ್ಟಿದರು. ನಾನು ಅತ್ತೆ.

ಕ್ಷೌರಿಕನನ್ನು ಬೈದವರೇ ಹೆಚ್ಚು. ದಯವಿಟ್ಟು ಬೇಡ. ತಿರುಗಿಸು ಎಂದವನು ನಾನು. ಆತ ಎಳನೀರು ಹಿಡಿದು ಆಸ್ಪತ್ರೆಗೆ ಬಂದ, ನನಗೆ ನುಂಗಲಾಗದೆಂದು ತಿಳಿದು ಅದನ್ನು ಮಂಚದ ಕೆಳಗಿಟ್ಟು ಬಹಳ ಹೊತ್ತು ಕೂತ. ಈಗ ಅಂಗಡಿಯ ಕನ್ನಡಿಯ ಮೇಲೆ ‘ಇಲ್ಲಿ ಕುತ್ತಿಗೆ ತಿರುಗಿಸುವುದಿಲ್ಲ’ ಎಂದು ಬರೆಸಿದ್ದಾನೆ. ಹಳೆಯ ಗಿರಾಕಿಗಳು ಮುನಿಸಿಕೊಂಡರೂ ಅಳಿಸಿಲ್ಲ.

ಬಲ ಮೈಗೆ ಬಿಸಿ, ತಣ್ಣಗಿನ ಭೇದ ಇನ್ನೂ ತಿಳಿಯುವುದಿಲ್ಲ. ಬೆಳಿಗ್ಗೆ ಮಗಳು ಬಕೆಟ್ಟಿಗೆ ಕೈ ಅದ್ದಿ, “ಸರಿ ಇದೆ ಅಪ್ಪಾ, ಬಾ” ಎಂದ ಮೇಲೆಯೇ ನನ್ನ ಸ್ನಾನ.